ಭಾನುಮತಿ ಮೇಡಂ ಹೇಳಿಕಳಿಸಿದ ಟೀ

ಪೀಣ್ಯ ಎರಡನೇ ಹಂತದಲ್ಲಿ ನಾನು ಆರು ವರ್ಷ ಕೆಲಸ ಮಾಡಿದ ಪಂಪ್ ಕಾರ್ಖಾನೆಯ ಗೇಟು ದಾಟಿದರೆ ಎಡಗಡೆ ಒಂದು ಸಣ್ಣ ಕೋಣೆ. ಅದು ಟೈಮ್ ಆಫೀಸು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಯಾರಿಗೆ ಎಷ್ಟು ರಜೆ ಉಳಿದಿದೆ, ಎಲ್ಲದರ ಲೆಕ್ಕ ಅಲ್ಲಿ. ಆ ಕೋಣೆಯಲ್ಲಿ ಭಾನುಮತಿ ಮೇಡಂ ಇಪ್ಪತ್ತೊಂಬತ್ತು ವರ್ಷ ಕೂತರು. ಕಾಟನ್ ಸೀರೆ, ಸೆರಗಿಗೆ ಎರಡು ಪಿನ್ನು, ಹಣೆಯಲ್ಲಿ ಸಾಸಿವೆಕಾಳಿನಷ್ಟು ಕುಂಕುಮ. ಮದುವೆಯಾಗಿರಲಿಲ್ಲ. ನಾಗಸಂದ್ರದಲ್ಲಿ ತಾಯಿಯ ಜೊತೆ ಇದ್ದರು. ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಸಮಯಪಾಲನೆಯ ರೋಗ ಅವರಿಂದಲೇ ಬಂದದ್ದು ಅಂತ ಮೇಡಂ ತಾವೇ ನಗುತ್ತಿದ್ದರು.

ಅವರ ಹತ್ತಿರ ಇದ್ದ ಆಸ್ತಿ ಒಂದೇ, ಅವರ ಮಾತು. ಸುಳ್ಳು ಹೇಳುತ್ತಿರಲಿಲ್ಲ ಅಂದರೆ ಹೇಳುತ್ತಲೇ ಇರಲಿಲ್ಲ. ಜನರಲ್ ಮ್ಯಾನೇಜರ್ ಒಂದು ದಿನ ಒಂಬತ್ತೂ ಇಪ್ಪತ್ತಕ್ಕೆ ಬಂದು ಒಂಬತ್ತು ಅಂತ ಬರೆಯಿರಿ ಅಂದಾಗ, "ಗಡಿಯಾರ ನಂದಲ್ಲ ಸಾರ್, ಕಂಪನೀದು" ಅಂದವರು. ಯಾರಾದರೂ ಜ್ವರ ಅಂತ ರಜೆ ಚೀಟಿ ತಂದರೆ ಕನ್ನಡಕದ ಮೇಲಿಂದ ನೋಡಿ, "ಜ್ವರಾನೋ, ನಾದಿನಿ ಸೀಮಂತಾನೋ?" ಅಂತ ಕೇಳುತ್ತಿದ್ದರು. ಸೀಮಂತ ಅಂದರೆ ಸೀಮಂತ ಅಂತಲೇ ಬರೆದು, ಮ್ಯಾನೇಜರ್ ಹತ್ತಿರ ತಾವೇ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು.

ಇಂಥವರು ಗೇಟಿನಲ್ಲೇ ಸಿಕ್ಕುವಾಗ ಹೆಣ್ಣು ಹೆತ್ತವರು ಬಿಡುತ್ತಾರೆಯೇ? ನಮ್ಮ ಕಡೆ ಜಾತಕ ಕೂಡಿದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗ ಕೆಲಸ ಮಾಡುವ ಕಡೆ ಹೋಗಿ ವಿಚಾರಿಸಿಕೊಂಡು ಬರುವುದು ಇದ್ದೇ ಇದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಸ್ತ್ರಿ ಮಾಡಿದ ಷರಟಿನ ಇಬ್ಬರು ಹಿರಿಯರು ಟೈಮ್ ಆಫೀಸಿನ ಬೆಂಚಿನ ಮೇಲೆ ಕೂತಿದ್ದಾರೆ ಅಂದರೆ ಯಾರದೋ ಮದುವೆಯ ಮಾತು ನಡೆದಿದೆ ಅಂತ ಇಡೀ ಕಾರ್ಖಾನೆಗೆ ಗೊತ್ತಾಗುತ್ತಿತ್ತು. ಮೇಡಂ ಯಾರ ಬಗ್ಗೆಯೂ ಕೆಟ್ಟದ್ದು ಆಡುತ್ತಿರಲಿಲ್ಲ. ಕುಡುಕನಾದರೆ, "ಎಂಟು ಗಂಟೆಗೆ ಸರಿಯಾಗಿ ಬರ್ತಾರೆ" ಅನ್ನುತ್ತಿದ್ದರು. ಅದು ನಿಜವೇ ಆಗಿರುತ್ತಿತ್ತು. ಆದರೆ ಹುಡುಗ ಒಳ್ಳೆಯವನಾಗಿದ್ದರೆ ಅವರಿಗೆ ತಾವೇ ಹೆಣ್ಣು ಕೊಡುವಷ್ಟು ಖುಷಿ. ಇಂಟರ್‌ಕಾಮ್ ಎತ್ತಿ ಕ್ಯಾಂಟೀನಿಗೆ, "ರಾಮಮ್ಮಾ, ಎರಡು ಟೀ" ಅನ್ನುತ್ತಿದ್ದರು. ಒಳ್ಳೆಯವನಲ್ಲದಿದ್ದರೆ ಯಾಕೋ ಕೈ ಫೋನಿನ ಕಡೆ ಹೋಗುತ್ತಿರಲಿಲ್ಲ.

ಮೇಡಂಗೆ ಇದು ಗೊತ್ತಿರಲಿಲ್ಲ. ಆದರೆ ಮದುವೆ ದಲ್ಲಾಳಿಗಳಿಗೆ ಗೊತ್ತಾಗಿಹೋಗಿತ್ತು. ಹಿರಿಯರು ವಾಪಸ್ಸು ಬಂದರೆ ಮನೆಯಲ್ಲಿ ಮೊದಲು ಕೇಳುತ್ತಿದ್ದದ್ದು, "ಟೀ ಕೊಟ್ರಾ?" ಅಂತ. ಕೊಟ್ಟರೆ ಛತ್ರ ನೋಡುವುದು, ಕೊಡದಿದ್ದರೆ ಬೇರೆ ಜಾತಕ ತೆಗೆಯುವುದು. ನನಗಿದು ತಿಳಿದದ್ದು ನಮ್ಮ ಸೋದರತ್ತೆಯ ಬಾಯಿಂದ. ತಿಳಿಯದೇ ಹೋಗಿದ್ದರೆ ಚೆನ್ನಾಗಿತ್ತು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಶ್ರೀರಂಜನಿ, ಆಗ ಅಲ್ಲಿ ಪರ್ಚೇಸ್ ವಿಭಾಗದಲ್ಲಿದ್ದೆ. ಸೇರಿದ ದಿನದಿಂದಲೂ ಮೇಡಂಗೆ ನನ್ನನ್ನು ಕಂಡರೆ ಅಕ್ಕರೆ. ಡಿಸೈನ್ ವಿಭಾಗದ ಋಷಿಕೇಶ್ ಮತ್ತು ನಾನು ಎರಡು ವರ್ಷ ಒಂದೇ ಮೆಟ್ರೋದಲ್ಲಿ ಓಡಾಡಿದೆವು. ಒಂದು ಶುಕ್ರವಾರ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು, "ನೀವು ಮಾಧ್ವರು, ನಾವು ಸ್ಮಾರ್ತರು, ಅಮ್ಮ ಒಪ್ತಿಲ್ಲ ಶ್ರೀ" ಅಂದ. ಎರಡು ವರ್ಷ ಇಡ್ಲಿ ಹಂಚಿಕೊಂಡು ತಿನ್ನುವಾಗ ನೆನಪಾಗದ ಮತ ಅವತ್ತು ನೆನಪಾಯಿತು. ಎರಡು ತಿಂಗಳಿಗೆ ಅವನಿಗೆ ತುಮಕೂರಿನ ಹುಡುಗಿ ಗೊತ್ತಾಗುತ್ತಿದೆ ಅಂತ ಸುದ್ದಿ ಬಂತು. ಅವನು ಕೆಟ್ಟವನಲ್ಲ, ಅಮ್ಮನ ಎದುರು ಬಾಯಿ ಬಾರದವನು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ಅವನ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ನನ್ನ ಜೊತೆಗೆ ಇನ್ನಿಬ್ಬರಿದ್ದರು. ಪ್ಯಾಕಿಂಗಿನ ರಾಣಿಗೆ ಫೋರ್ಕ್‌ಲಿಫ್ಟ್ ಓಡಿಸುವ ಅಂಬರೀಶ್ ಕೈಕೊಟ್ಟಿದ್ದ. ಕ್ಯಾಂಟೀನಿನ ರಾಮಮ್ಮನ ಗಂಡ ಬೇರೊಬ್ಬಳ ಜೊತೆ ಹೊಸೂರಿಗೆ ಹೋಗಿದ್ದ. ಒಂದು ಭಾನುವಾರ ಮೂವರೂ ತುಮಕೂರು ರಸ್ತೆಯ ಮಾಲಿನಲ್ಲಿ ಒಂದು ಸಿನಿಮಾ ನೋಡಿದೆವು. ಕೈಕೊಟ್ಟ ಗಂಡಸರ ಮೇಲೆ ನಾಲ್ಕು ಹೆಂಗಸರು ಸೇಡು ತೀರಿಸಿಕೊಳ್ಳುವ ಕಥೆ. ಒಬ್ಬನನ್ನು ಹೂತು, ಅವನ ಮೇಲೆ ಟೊಮ್ಯಾಟೊ ಬೆಳೆದು, ಆ ಟೊಮ್ಯಾಟೊ ಸಾರನ್ನೇ ಪೊಲೀಸರಿಗೆ ಬಡಿಸುತ್ತಾರೆ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ರಾಮಮ್ಮ ಮಾತ್ರ, "ಆ ಸಾರಿಗೆ ಉಳಿ ಜಾಸ್ತಿಯಾಗಿರ್ತದೆ" ಅಂತ ಗಂಭೀರವಾಗಿ ಹೇಳಿದಳು.

ಅವಳು ಆಗಲೇ ತನ್ನ ಸೇಡು ತೀರಿಸಿಕೊಂಡಾಗಿತ್ತು. ಗಂಡನ ಫೋಟೋಗೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ದಿನಾ ಊದುಬತ್ತಿ ಹಚ್ಚುತ್ತಿದ್ದಳು. ಆಧಾರ್ ಕಾರ್ಡು ತೆಗೆದುಕೊಂಡು ಹೋಗಲು ಅವನು ಬಂದವನು ಬಾಗಿಲಲ್ಲೇ ನಿಂತು ತನ್ನ ಫೋಟೋ ನೋಡಿ, ಬೆವತು, ಕಾರ್ಡು ಕೇಳದೇ ಓಡಿಹೋದನಂತೆ. "ತಿಥಿ ದಿನ ಬಾ, ವಡೆ ಮಾಡ್ತೀನಿ ಅಂದೆ ಕಣವ್ವ" ಅಂತ ರಾಮಮ್ಮ ನಮಗೆ ಹೇಳಿದ್ದಳು.

ರಾಣಿಯ ಸೇಡು ಕೆಟ್ಟಿತು. ಅಂಬರೀಶನ ತಟ್ಟೆಗೆ ಸಾಂಬಾರಿನ ತಳ ಮಾತ್ರ ಬಡಿಸುವುದು ಅಂತ ಮಾಡಿದೆವು. ನುಗ್ಗೆಕಾಯಿ ತುಂಡುಗಳೆಲ್ಲ ತಳದಲ್ಲೇ ಇರುತ್ತವೆ ಅಂತ ಮೂವರಿಗೂ ಹೊಳೆಯಲಿಲ್ಲ. ವಾರದೊಳಗೆ ಅವನು, "ರಾಮಮ್ಮಂಗೆ ನನ್ ಕಂಡ್ರೆ ಅದೇನು ಪ್ರೀತಿ ಗುರು" ಅಂತ ಶಾಪ್‌ಫ್ಲೋರಿನಲ್ಲಿ ಹೇಳಿಕೊಂಡು ತಿರುಗಿದ. ರಾಣಿ ನಕ್ಕು ನಕ್ಕು ಅವನನ್ನು ಮರೆತೇಬಿಟ್ಟಳು. ಉಳಿದವಳು ನಾನು.

ತುಮಕೂರಿನವರು ಗುರುವಾರ ವಿಚಾರಿಸಲು ಬರುತ್ತಾರೆ ಅಂತ ತಿಳಿದಾಗ ನಾನೇ ಹೇಳಿದೆ, ಅವತ್ತು ಟೀ ಹೋಗಬಾರದು ಅಂತ. ರಾಣಿ ಒಪ್ಪಿದಳು. ರಾಮಮ್ಮ ಸೌಟು ಕೆಳಗಿಟ್ಟಳು.

"ಬ್ಯಾಡ ಕಣವ್ವ. ನನ್ ಗಂಡಂದು ನನ್ ಮನೆ ಇಚಾರ. ಇದು ಮದ್ವೆ ಇಚಾರ. ಅಲ್ಲಿ ಒಂದು ಎಣ್ ಜೀವ ಐತೆ."

"ನಂಗೆ ಮಾಡಿದ್ದು ಸರಿನಾ ಹಾಗಾದ್ರೆ?" ಅಂತ ಕೇಳಿದೆ. ಅತ್ತುಬಿಟ್ಟೆ. ತಾನಾಗಿ ಬಂದ ಅಳು ಮಾತ್ರ ಅಲ್ಲ, ಅವಳು ಒಪ್ಪಲಿ ಅಂತ ಸ್ವಲ್ಪ ಹೆಚ್ಚಿಗೇ ಅತ್ತೆ. ರಾಮಮ್ಮ ಕಣ್ಣೀರು ನೋಡಲಾರದ ಹೆಂಗಸು.

ಗುರುವಾರ ಹನ್ನೊಂದೂ ಹತ್ತಕ್ಕೆ ಕ್ಯಾಂಟೀನಿನ ಇಂಟರ್‌ಕಾಮ್ ರಿಂಗಾಯಿತು. ನಾನು ಒಲೆಯ ಪಕ್ಕದಲ್ಲೇ ನಿಂತಿದ್ದೆ. ಮೇಡಂ ದನಿ ನನಗೂ ಕೇಳಿಸಿತು. ನಗುನಗುತ್ತಾ, "ರಾಮಮ್ಮಾ, ಎರಡು ಟೀ, ಸ್ಟ್ರಾಂಗಾಗಿ" ಅಂದರು. ರಾಮಮ್ಮ ನನ್ನ ಮುಖ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ಆಲು ಒಡ್ದೋಗೈತೆ ಮೇಡಮ್ನೋರೆ."

"ಹಾಗಾದ್ರೆ ಕರೀ ಟೀನೇ ಕಳ್ಸು."

"ಪುಡೀನೂ ಇಲ್ಲ."

ಮುನ್ನೂರು ಜನರ ಕಾರ್ಖಾನೆಯಲ್ಲಿ ಟೀಪುಡಿ ಇಲ್ಲ. ಮೇಡಂ ಅದನ್ನು ನಂಬಿ, ನೀರು ಕೊಟ್ಟು, ಬಂದವರ ಹತ್ತಿರ ಎರಡೆರಡು ಸಲ ಕ್ಷಮೆ ಕೇಳಿದರಂತೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೂಕ್ಷ್ಮ ಅರ್ಥವಾಯಿತು ಅನ್ನುವ ಹಾಗೆ ಕೈಮುಗಿದು ಎದ್ದುಹೋದರಂತೆ. ಗೇಟಿನ ಎದುರಿಗೆ ಪ್ಯಾಕಿಂಗಿನಲ್ಲಿದ್ದ ರಾಣಿ ಎಲ್ಲ ನೋಡಿ ಬಂದು ಹೇಳಿದಳು. ಸಂಬಂಧ ಮುರಿಯಿತು ಅಂತ ಶನಿವಾರ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಸಕ್ಕತ್ ಖುಷಿಯಾಯಿತು. ಆ ರಾತ್ರಿ ಎಷ್ಟೋ ದಿನದ ಮೇಲೆ ಎರಡು ಚಪಾತಿ ಜಾಸ್ತಿ ತಿಂದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಪಂಚ್ ಮಾಡಲು ಟೈಮ್ ಆಫೀಸಿಗೆ ಹೋದರೆ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ತುಮಕೂರಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಹೆಸರು ಸುಕೃತಿ. ಋಷಿಕೇಶನಿಗೆ ಗೊತ್ತಾಗಿದ್ದ ಹುಡುಗಿ.

"ಮೇಡಂ, ನೀವು ಅವರ ಬಗ್ಗೆ ಏನ್ ಹೇಳಿದ್ರಿ? ಅಪ್ಪ ಬಾಯಿ ಬಿಡ್ತಿಲ್ಲ. ಅಲ್ಲಿ ಒಳ್ಳೇ ಸೂಚನೆ ಸಿಗಲಿಲ್ಲ ಅಂತಾರೆ ಅಷ್ಟೆ."

"ಒಳ್ಳೇದೇ ಹೇಳ್ದೆ ಕಣಮ್ಮ. ನಾಲ್ಕು ವರ್ಷದಲ್ಲಿ ಒಂದು ದಿನ ಲೇಟಿಲ್ಲ ಅಂದೆ. ಅಪ್ಪನ ಆಪರೇಷನ್‌ಗೆ ಬಿಟ್ರೆ ರಜೆ ಹಾಕ್ದೋನಲ್ಲ, ಯಾರ ಹತ್ರಾನೂ ಏರುದನಿ ಮಾಡ್ದೋನಲ್ಲ ಅಂದೆ."

"ಮತ್ತೆ ಯಾಕೆ ಮೇಡಂ? ನಾವು ಒಂದು ತಿಂಗಳಿಂದ ದಿನಾ ಮಾತಾಡ್ತಿದ್ವಿ. ಈಗ ಅವರು ಫೋನೂ ತೆಗೀತಿಲ್ಲ. ಮುಂದಿನ ವಾರ ಅಪ್ಪ ಬೇರೆ ಕಡೆ ನಿಶ್ಚಯ ಮಾಡ್ತಿದ್ದಾರೆ ನಂಗೆ."

ಆಮೇಲೆ ಅವಳು ಅತ್ತಳು. ಉಸಿರು ಸಿಕ್ಕಿಹಾಕಿಕೊಂಡು, ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ಹೆಚ್ಚುಕಮ್ಮಿ ಮೂರು ತಿಂಗಳ ಹಿಂದೆ ನಾನು ಮೆಟ್ರೋ ಸ್ಟೇಷನ್ನಿನ ಹೆಂಗಸರ ಶೌಚಾಲಯದಲ್ಲಿ ಅತ್ತದ್ದೂ ಹೀಗೇ. ಮೇಡಂ ಏನೂ ತೋಚದೆ ಅವಳ ಬೆನ್ನು ಸವರುತ್ತಾ, "ನಾನೇನಾದ್ರೂ ತಪ್ಪಾಗಿ ಹೇಳಿಬಿಟ್ನಾ, ಹೇಗೆ" ಅಂತ ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ಆಗ ನಾನು ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇನ್ನೂ ಒಂದು ವಾರ ಇತ್ತು. ನಾನು ಹಾಜರಿ ಮೆಷೀನಿನ ಮೇಲೆ ಬೆರಳು ಇಟ್ಟೆ, ಅದು ಹಸಿರು ದೀಪ ತೋರಿಸಿತು, ಒಳಗೆ ಹೋದೆ.

ಮತ್ತೆ ಹದಿನೈದು ದಿನಕ್ಕೆ ಋಷಿಕೇಶನ ತಾಯಿ ಬಂದರು. ಭಾನುಮತಿಯ ಗೇಟಿನಲ್ಲಿ ಹುಡುಗ ಪಾಸಾಗಲಿಲ್ಲವಂತೆ ಅನ್ನುವ ಸುದ್ದಿ ದಲ್ಲಾಳಿಗಳ ಬಾಯಿಗೆ ಬಿದ್ದು, ಇನ್ನೆರಡು ಕಡೆಯವರು ಜಾತಕವನ್ನೇ ವಾಪಸ್ಸು ಕಳಿಸಿದ್ದರು. ಆಕೆ ಗೇಟಿನಲ್ಲಿ ನಿಂತು, ಶಿಫ್ಟು ಬಿಡುವ ಹೊತ್ತಿನಲ್ಲಿ, ಇನ್ನೂರು ಜನರ ಎದುರಿಗೆ, "ತನಗೆ ಮದುವೆ ಆಗಿಲ್ಲಾಂತ ಇನ್ನೊಬ್ರ ಮನೆ ಮದುವೆ ಕಂಡ್ರೆ ಹೊಟ್ಟೆಕಿಚ್ಚು ಇವಳಿಗೆ" ಅಂದರು. ಮೇಡಂ ಎದ್ದು ನಿಂತು ಕೇಳಿಸಿಕೊಂಡರು. ನಾನು ಕಂಪ್ರೆಸರ್ ಕೋಣೆಯ ಹಿಂದೆ ನಿಂತಿದ್ದೆ. ಋಷಿಕೇಶ್ ನಾಚಿಕೆಯಿಂದ ತಾಯಿಯ ಕೈ ಹಿಡಿದು ಎಳೆಯುತ್ತಿದ್ದ. ತಿಂಗಳೊಳಗೆ ಅವನು ಜಿಗಣಿಯ ಒಂದು ಕಾರ್ಖಾನೆ ಸೇರಿಕೊಂಡ.

ಮಾರನೇ ದಿನ ಟೈಮ್ ಆಫೀಸಿನ ಗಾಜಿನ ಮೇಲೆ ಒಂದು ಚೀಟಿ ಅಂಟಿತ್ತು. "ಮದುವೆ ಸಂಬಂಧದ ವಿಚಾರಣೆಗೆ ಇಲ್ಲಿ ಅವಕಾಶವಿಲ್ಲ." ಗುಂಡಗಿನ ಅಕ್ಷರ ಮೇಡಂದೇ. ಹಿರಿಯರು ಬರುವುದು, ಚೀಟಿ ಓದುವುದು, ಹೋಗುವುದು. ಮೇಡಂ ತಲೆ ಎತ್ತುತ್ತಿರಲಿಲ್ಲ. ರಾಮಮ್ಮ ನನ್ನ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ರಾಣಿ ಒಂದು ಸಲ, "ಹೇಳ್ಬಿಡೋಣ ಕಣೇ" ಅಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಹೇಳಿದರೆ ರಾಮಮ್ಮನ ಕೆಲಸ ಹೋಗುತ್ತದೆ ಅಂತ ಹೆದರಿಸಿದೆ. ನನಗೆ ಹೆದರಿಕೆ ಇದ್ದದ್ದು ರಾಮಮ್ಮನ ಕೆಲಸದ ಬಗ್ಗೆ ಅಲ್ಲ, ನನ್ನ ಮಾನದ ಬಗ್ಗೆ.

ವರ್ಷವಾದ ಮೇಲೆ ನನಗೊಂದು ಸಂಬಂಧ ಬಂತು. ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಿದ್ದ. ಅವನ ತಂದೆ ವಾದಿರಾಜ ರಾಯರು ಬ್ಯಾಂಕಿನಿಂದ ರಿಟೈರಾದವರು, ಹೆಣ್ಣಿನ ಬಗ್ಗೆಯೂ ವಿಚಾರಿಸಬೇಕು ಅನ್ನುವ ಲೆಕ್ಕಾಚಾರದ ಮನುಷ್ಯ. ಒಬ್ಬರೇ ಗೇಟಿಗೆ ಬಂದರು. ಚೀಟಿ ಓದಿ ಹಿಂದಕ್ಕೆ ತಿರುಗುವಷ್ಟರಲ್ಲಿ ಮೇಡಂ, "ಯಾರ ವಿಷಯ?" ಅಂತ ಕೇಳಿದರಂತೆ. ನನ್ನ ಹೆಸರು ಹೇಳಿದರು. ಮೇಡಂ ಎದ್ದು ಬಾಗಿಲು ತೆಗೆದು, "ಬನ್ನಿ, ಕೂತ್ಕೊಳ್ಳಿ. ಇವಳಿಗೆ ಆ ಚೀಟಿ ಇಲ್ಲ" ಅಂದರಂತೆ.

ಅವತ್ತು ಅವರು ಹೇಳಿದ ಮಾತನ್ನು ನಮ್ಮ ಮಾವ ಎಷ್ಟು ಸಲ ಹೇಳಿದ್ದಾರೋ, ನನಗೆ ಬಾಯಿಪಾಠವಾಗಿದೆ. "ನನಗೊಬ್ಬಳು ಮಗಳಿದ್ದಿದ್ರೆ ಹೀಗಿರ್ಲಿ ಅಂತ ಕೇಳ್ಕೊತಿದ್ದೆ. ಯಾರಿಗೂ ಕೇಡು ಬಗೆದವಳಲ್ಲ. ಇದು ನನ್ನ ಮಾತು." ಮಾವ ಆ ಮಾತನ್ನು ನಮ್ಮ ಮನೆಯ ಗೋಡೆಗೆ ಕಟ್ಟು ಹಾಕಿಸಿ ನೇತುಹಾಕಿಲ್ಲ ಅಷ್ಟೆ. ಗಂಡನಿಗೂ ನನಗೂ ಜಗಳವಾದರೆ, ವಿಚಾರ ಏನೂಂತ ಕೇಳದೆಯೇ, "ಭಾನುಮತಿಯವರು ಮಾತು ಕೊಟ್ಟ ಹುಡುಗಿ ಕಣೋ ಅದು" ಅಂತ ನನ್ನ ಪರ ನಿಲ್ಲುತ್ತಾರೆ. ಎಂಟು ವರ್ಷದಿಂದ ಆ ಮನೆಯಲ್ಲಿ ನಾನು ತಿನ್ನುವ ಅನ್ನ ಆ ಮಾತಿನದು. ಅವರು ಹಾಗೆ ಅಂದಾಗೆಲ್ಲ ಎತ್ತಿದ ತುತ್ತನ್ನು ತಟ್ಟೆಗೇ ಇಡುತ್ತೇನೆ. ಮಾವ ನೀರು ಬಗ್ಗಿಸಿ ಕೊಡುತ್ತಾರೆ.

ಹೋದ ತಿಂಗಳು ಮೇಡಂ ರಿಟೈರಾದರು. ಹಳಬರನ್ನೆಲ್ಲ ಕರೆದಿದ್ದರು, ನಾನೂ ಹೋಗಿದ್ದೆ. ಶಾಲು, ಹಾರ, ಬೆಳ್ಳಿ ದೀಪ ಎಲ್ಲ ಆಯಿತು. ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಮೇಡಂ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ ಮೇಲೆ, "ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನಿಂದ ಒಂದೇ ಒಂದು ಸಂಬಂಧ ಕೆಟ್ಟಿತು. ಏನು ತಪ್ಪು ಮಾಡ್ದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಮಲಗಿದ್ರೆ ಅದೇ ನೆನಪಾಗತ್ತೆ" ಅಂದರು. ಜನ ಚಪ್ಪಾಳೆ ತಟ್ಟಿದರು. ರಾಮಮ್ಮ ಹಿಂದಿನ ಸಾಲಿನಿಂದ ನನ್ನನ್ನು ನೋಡಿದಳು, ಒಂಬತ್ತು ವರ್ಷದಲ್ಲಿ ಮೊದಲನೇ ಸಲ.

ಮುಂದಿನ ಭಾನುವಾರ ಬೆಳಿಗ್ಗೆ ನಾಗಸಂದ್ರಕ್ಕೆ ಹೋದೆ. ತಾಯಿ ತೀರಿಕೊಂಡ ಮೇಲೆ ಮೇಡಂ ಒಬ್ಬರೇ ಇದ್ದಾರೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಎದುರಿಗೆ ಕೂತು, ಒಂದೂ ಬಿಡದೆ ಹೇಳಿದೆ. ಸಿನಿಮಾ, ಉಕ್ಕಿದ ಹಾಲು, ಇಲ್ಲದ ಟೀಪುಡಿ, ಸುಕೃತಿ ಅತ್ತಾಗ ಬೆರಳಿಟ್ಟು ಒಳಗೆ ಹೋದದ್ದು, ಎಲ್ಲ.

ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. "ಟೀ ನೋಡಿ ಹೆಣ್ಣು ಕೊಡ್ತಿದ್ರಾ?" ಅಂದರು. ಹೌದು ಅಂದೆ. ನಗು ಬಂತು ಅವರಿಗೆ. ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿದರು.

"ಅಯ್ಯೋ, ಸ್ಟೋರ್ಸ್ ಕೊಟ್ರಪ್ಪನ್ನ ವಿಚಾರಿಸೋಕೆ ಹೆಣ್ಣಿನ ಕಡೆಯೋರು ಬಂದ ದಿನ ಕ್ಯಾಂಟೀನಲ್ಲಿ ಸಿಲಿಂಡರ್ ಖಾಲಿಯಾಗಿತ್ತಲ್ಲೇ! ಅವನಿಗೆ ಐವತ್ತಾಯ್ತು. ಇನ್ನೂ ಮದುವೆಯಾಗಿಲ್ಲ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಡಂ ಅವರೆಕಾಳಿನ ತಟ್ಟೆ ಪಕ್ಕಕ್ಕೆ ಸರಿಸಿದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಆ ಹುಡುಗಿ ಎಲ್ಲಿದ್ದಾಳೆ?"

"ಮದುವೆಯಾಗಿ ಹುಬ್ಬಳ್ಳೀಲಿದ್ದಾಳಂತೆ ಮೇಡಂ. ಋಷಿಕೇಶಂಗೂ ಹೋದ ವರ್ಷ ಮದುವೆಯಾಯ್ತಂತೆ."

"ಅವರಿಬ್ಬರ ಹತ್ರ ಹೋಗೋದು ನಿನ್ನ ಕೆಲಸ. ಏನ್ ಹೇಳ್ತೀಯೋ, ಹೇಗೆ ಹೇಳ್ತೀಯೋ, ನನ್ನ ಕೇಳ್ಬೇಡ." ಸೆರಗಿನಿಂದ ಕೈ ಒರೆಸಿಕೊಂಡರು. "ಅದು ಬಿಡು. ನಿಮ್ಮ ಮಾವನೋರಿಗೆ ನಾನೇನ್ ಹೇಳಿದ್ದೆ, ನೆನಪಿದೆಯಾ?"

ನೆನಪಿದೆ ಅಂದೆ.

"ಯಾರಿಗೂ ಕೇಡು ಬಗೆದವಳಲ್ಲ ಅಂದಿದ್ದೆ. ನನ್ನ ಮಾತು ಅಂತ ಬೇರೆ ಅಂದಿದ್ದೆ. ಹಾಗಾದ್ರೆ ಅವರಿಗೆ ನಾನು ಸುಳ್ಳು ಹೇಳಿದ ಹಾಗಾಯ್ತಲ್ಲೇ ಶ್ರೀ."

ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಒಂಬತ್ತು ವರ್ಷ ನನ್ನ ತಪ್ಪನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದವಳಿಗೆ, ಜೀವಮಾನದಲ್ಲಿ ಒಂದು ಸುಳ್ಳಾಡದ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಿದ್ದೇನೆ ಅಂತ ಹೊಳೆದಿರಲಿಲ್ಲ. ಅದೂ ನನಗೋಸ್ಕರ, ಪ್ರೀತಿಯಿಂದ ಹೇಳಿದ ಮಾತು.

"ನೀವು ಬೇಕೂಂತ ಹೇಳಿದ್ದಲ್ಲ ಮೇಡಂ. ನಿಮಗೆ ಗೊತ್ತಿರ್ಲಿಲ್ಲ."

"ಅವರಿಗೂ ಗೊತ್ತಿರ್ಲಿಲ್ಲ. ನನ್ನ ಮಾತು ನಂಬಿ ಮನೆ ತುಂಬಿಸ್ಕೊಂಡ್ರು. ಈಗ ನನಗೆ ಗೊತ್ತಾಯ್ತಲ್ಲ, ಗೊತ್ತಾದ ಮೇಲೂ ಸುಮ್ಮನಿದ್ರೆ ನಿನಗೂ ನನಗೂ ಏನೇ ವ್ಯತ್ಯಾಸ?" ಕೈ ಚಾಚಿದರು. "ಫೋನ್ ಮಾಡ್ಕೊಡು."

ಬೇಡ ಅಂತ ಬೇಡಿಕೊಂಡೆ. ಆ ಮನೆಯಲ್ಲಿ ನನಗಿರುವುದು ಅದೊಂದೇ ಮಾತು, ಅದನ್ನು ತೆಗೆದರೆ ಮಾವನ ಮುಖ ಹೇಗೆ ನೋಡಲಿ ಅಂತ ಅತ್ತೆ. ಮೇಡಂ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ಕಾಯುತ್ತಿದ್ದರು. ಕೊನೆಗೆ ನಾನೇ ನಂಬರು ಒತ್ತಿ ಸ್ಪೀಕರಿಗೆ ಹಾಕಿದೆ. ಮಾವ ಎತ್ತಿದರು.

"ರಾಯರೇ, ನಮಸ್ಕಾರ. ನಾನು ಪೀಣ್ಯದ ಭಾನುಮತಿ."

ಮಾವನ ದನಿ ಹಿಗ್ಗಿತು. "ಓಹೋ, ಏನಮ್ಮಾ, ಎಷ್ಟು ವರ್ಷವಾಯ್ತು! ನಿಮ್ಮ ಹುಡುಗಿ ನಮ್ಮನೇಲಿ ಚೆನ್ನಾಗಿದ್ದಾಳೆ."

"ರಾಯರೇ, ನಾನು ನಿಮಗೊಂದು ಮಾತು ಕೊಟ್ಟಿದ್ದೆ. ಅದರಲ್ಲಿ ಒಂದು ತಪ್ಪಾಗಿದೆ. ತಿದ್ದೋದಕ್ಕೆ ಫೋನ್ ಮಾಡ್ದೆ."

ಮೇಡಂ ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ, ದಣಿದಿದ್ದರು.

"ಇವಳೇ ಹೇಳ್ತಾಳೆ" ಅಂತ ಫೋನನ್ನು ನನ್ನ ಮಡಿಲಲ್ಲಿಟ್ಟರು.

"ಮಾವ" ಅಂದೆ.

"ಹೇಳಮ್ಮಾ," ಅಂದರು ಅವರು, ಇನ್ನೂ ಅದೇ ಪ್ರೀತಿಯಲ್ಲಿ.